ದೋಟಿಗೆ ಗರಗಸ ಹಚ್ಚುವ ಮುನ್ನ

ಕಾರ್ತಿಕ ಮಾಸದ ಒಂದು ಬೆಳಗ್ಗೆ, ಮೊದಲ ಕೊಯ್ಲಿನ ಗಡಿಬಿಡಿಯ ನಡುವೆ, ತೋಟದ ಕೆಳಗಿನ ಸಾಲಿನಿಂದ 'ಟಪ್' ಎಂದು ಒಂದು ಸದ್ದು ಕೇಳಿತು. ಸೋಗೆ ಬಿದ್ದ ಸದ್ದಲ್ಲ, ಗೊನೆ ಬಿದ್ದ ಸದ್ದೂ ಅಲ್ಲ. ಒಣಬಿದಿರು ಬೆಂಕಿಯಲ್ಲಿ ಸಿಡಿದ ಹಾಗಿತ್ತು. ಹೋಗಿ ನೋಡಿದರೆ ಕೊಯ್ಲಿನ ಹುಡುಗ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ. ಅವನ ಕೈಯಲ್ಲಿದ್ದ 60 ಅಡಿಯ ಕಾರ್ಬನ್ ದೋಟಿ ಓರೆಯಾಗಿ ಪಕ್ಕದ ಮರದ ಕಾಂಡಕ್ಕೆ ಬಡಿದು, ತುದಿಯ ತುಂಡು ಕತ್ತಿ ಕಟ್ಟಿದ ಜಾಗದಿಂದ ಕೆಳಕ್ಕೆ ಸೀಳಿಬಿಟ್ಟಿತ್ತು.

"ಬಿದಿರಾದರೆ ಕಡಿದು ಬಿಸಾಡಬಹುದಿತ್ತು ಅಣ್ಣ. ಇದಕ್ಕೆ ಎಂತ ಮಾಡುವುದು?" ಎಂದ.

ಪ್ರಶ್ನೆ ನ್ಯಾಯವಾದದ್ದೇ. ನಮ್ಮಂಥ ಸಣ್ಣ ತೋಟದವರಿಗೆ ಆ ದೋಟಿ ಎಂದರೆ ಒಂದು ಹಳೆಯ ಸ್ಕೂಟರಿನ ಬೆಲೆ. ಸೀಳಿದ್ದು ತುದಿಯಲ್ಲಿ ಅಷ್ಟೆ. ಅಷ್ಟನ್ನು ಕತ್ತರಿಸಿ ತೆಗೆದು, ಕತ್ತಿಯನ್ನು ಕೆಳಗಿಳಿಸಿ ಕಟ್ಟಿದರೆ ಆಯಿತಲ್ಲ ಎಂದುಕೊಂಡು ಮನೆಗೆ ಹೊತ್ತು ತಂದೆ. ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿದ್ದ ಮರ ಕೊಯ್ಯುವ ಗರಗಸವನ್ನು ಇಳಿಸಿ ಇನ್ನೇನು ಹಚ್ಚಬೇಕು, ಆಗ ಚಾವಡಿಯಿಂದ ನಮ್ಮಕ್ಕನ ಮಗ ಓಡಿಬಂದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವವ, ದೀಪಾವಳಿಗೆಂದು ಬಂದಿದ್ದ.

"ಮಾವ, ಒಂದು ನಿಮಿಷ ನಿಲ್ಲಿ. ಆ ಗರಗಸ ಹಾಕಿದರೆ ಒಂದಡಿ ಹೋಗುವಲ್ಲಿ ಮೂರಡಿ ಹೋದೀತು."

ಅಡಿಕೆ ಮರಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ. ಇವನಿಗೆ ದೋಟಿಯ ವಿಚಾರ ಎಲ್ಲಿಂದ ಗೊತ್ತು ಎಂದು ನೋಡಿದರೆ, ಗೊತ್ತಿದ್ದದ್ದು ದೋಟಿಯಿಂದಲ್ಲ, ಗಾಲ್ಫ್ ಆಟದಿಂದ. ಭಾನುವಾರ ಅವನು ಗಾಲ್ಫ್ ಆಡುತ್ತಾನೆ. ಹತ್ತು ವರ್ಷದ ಮಗಳಿಗೆ ಆಡಲು ಕಲಿಸಬೇಕೆಂದು ತನ್ನದೇ ಹಳೆಯ ಗಾಲ್ಫ್ ಕೋಲನ್ನು ಮನೆಯ ಬಾಲ್ಕನಿಯಲ್ಲಿ ಕುಳಿತು ಗಿಡ್ಡ ಮಾಡಿಕೊಟ್ಟಿದ್ದನಂತೆ. ಮೊದಲ ಕೋಲು ಹಾಳಾಯಿತು, ಎರಡನೆಯದು ಸರಿಯಾಯಿತು. ಆ ಕೋಲಿನ ಹಿಡಿದಂಡವೂ ನಮ್ಮ ದೋಟಿಯೂ ಒಂದೇ ವಂಶದವು ಎಂದು ನನಗೆ ತಿಳಿದದ್ದು ಅಂದೇ. ಆಟದವರು ಅದನ್ನು ಗ್ರಾಫೈಟ್ ಎನ್ನುತ್ತಾರೆ, ನಾವು ಕಾರ್ಬನ್ ಫೈಬರ್ ಎನ್ನುತ್ತೇವೆ. ವಸ್ತು ಒಂದೇ.

ಅಂದಹಾಗೆ ಗಾಲ್ಫ್ ಎಂಬುದು ನಮ್ಮ ಕಡೆಗೆ ತೀರ ಅಪರಿಚಿತವೇನೂ ಅಲ್ಲ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವವರು ವಾಮಂಜೂರಿನಲ್ಲಿ ಎಡಕ್ಕೆ ಕಣ್ಣು ಹಾಯಿಸಿದರೆ ಪಿಲಿಕುಳದ ದಾರಿ. ಅಲ್ಲಿ ನಿಸರ್ಗಧಾಮದ ಜೊತೆಗೆ ಗಾಲ್ಫ್ ಮೈದಾನವೂ ಇದೆ. ಬೆಂಗಳೂರಿನಲ್ಲಂತೂ 1876ರಿಂದ ಗಾಲ್ಫ್ ಕ್ಲಬ್ಬು ಇದೆ. ಆದರೆ ಆ ಮೈದಾನದಲ್ಲಿ ಆಡುವವರ ಚೀಲದಲ್ಲಿರುವ ಕರಿಯ ಕೋಲುಗಳನ್ನೆಲ್ಲ ಕೂಡಿಸಿದರೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟಗಳಲ್ಲಿ ಇಂದು ಓಡಾಡುವ ಕರಿಯ ಕೊಳವೆಯ ಉದ್ದಕ್ಕೆ ಸಮನಾಗಲಾರದು ಎಂದು ನನ್ನ ಅಂದಾಜು.

ಬಿದಿರಿನಿಂದ ಕಾರ್ಬನ್‌ಗೆ

ನಮ್ಮ ತಂದೆಯವರ ಕಾಲದಲ್ಲಿ ದೋಟಿ ಎಂದರೆ ಬಿದಿರಿನದು. ಅದರಿಂದ ಹಲಸು, ಮಾವು, ಹೆಚ್ಚೆಂದರೆ ಎಳೆಯ ಅಡಿಕೆ ಮರದ ಗೊನೆ ಇಳಿಸುತ್ತಿದ್ದರು. ಎತ್ತರದ ಮರಕ್ಕೆ ಮರ ಏರುವವರೇ ಆಗಬೇಕು. ಕಾಲಿಗೆ ತಳೆ ಹಾಕಿ ಒಂದು ಮರ ಏರಿ, ಮೇಲಿಂದ ಮೇಲೆಯೇ ಜೋಲಿ ಹೊಡೆದು ಹತ್ತಾರು ಮರ ದಾಟಿ ಕೆಳಗಿಳಿಯುತ್ತಿದ್ದ ಆ ಕಸುಬುಗಾರರನ್ನು ಕಂಡವರಿಗೆ ಬೇರೆ ಸರ್ಕಸ್ ಬೇಕಿರಲಿಲ್ಲ. ಅವರ ಮಕ್ಕಳು ಮರ ಏರಲಿಲ್ಲ. ಏರಬೇಕಿತ್ತು ಎಂದು ಹೇಳುವ ಬಾಯಿ ನನಗಿಲ್ಲ, ನನ್ನ ಮಕ್ಕಳೇ ಏರಿಲ್ಲ.

ಹಾಗೆ ಹುಡುಕಾಟ ಶುರುವಾಯಿತು. 2019ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಮಾಡಿದ ಮರ ಏರುವ ಬೈಕನ್ನು ದೇಶವೆಲ್ಲ ವಿಡಿಯೋದಲ್ಲಿ ನೋಡಿ ಬೆರಗಾಯಿತು. ಇನ್ನೊಂದು ದಾರಿ ನೆಲದ ಮೇಲೇ ನಿಂತು ಕೊಯ್ಯುವುದು. ಅದಕ್ಕೆ ಅಲ್ಯೂಮಿನಿಯಂ ಕೊಳವೆ ಬಂತು. ಆದರೆ ಎತ್ತರಕ್ಕೆ ಹೋದಂತೆ ಬಾಗಿ, ಹಿಡಿದವನ ಸೊಂಟ ಮುರಿಯುತ್ತಿತ್ತು. ಕೊನೆಗೆ ಬಂದದ್ದು ಕಾರ್ಬನ್ ಫೈಬರ್ ದೋಟಿ, ಒಂದರೊಳಗೊಂದು ಸೇರಿಕೊಳ್ಳುವ ಕೊಳವೆಗಳು. 60 ಅಡಿಯದ್ದು ಐದಾರು ಕೆ.ಜಿ.ಯ ಆಸುಪಾಸು ತೂಗುತ್ತದೆ. ಬಂಟ್ವಾಳ ತಾಲೂಕಿನಲ್ಲೇ ಇರುವ, 1956ರಲ್ಲಿ ಆರಂಭವಾದ ವಿಟ್ಲದ ಸಂಶೋಧನಾ ಕೇಂದ್ರ, ಕ್ಯಾಂಪ್ಕೊ, ಊರೂರ ಸಹಕಾರಿ ಸಂಘಗಳು ಇವೆಲ್ಲ ಕೊಯ್ಲಿನ ತರಬೇತಿಗೆ ಕೈಜೋಡಿಸಿದವು. ತೋಟಗಾರಿಕೆ ಇಲಾಖೆಯ ಸಹಾಯಧನವೂ ಬಂತು. ದೋಟಿ ಹಿಡಿಯುವುದನ್ನು ಕಲಿಸಿದರು, ಗೊನೆಯನ್ನು ಬಲೆಯಲ್ಲಿ ಹಿಡಿಯುವುದನ್ನು ಕಲಿಸಿದರು. ಮುರಿದಾಗ ಎಲ್ಲಿ ಹೇಗೆ ಕತ್ತರಿಸಬೇಕು ಎಂಬುದನ್ನು ಮಾತ್ರ ನಾನು ಎಲ್ಲೂ ಕೇಳಿರಲಿಲ್ಲ.

ಕೇಳಿರದೆ ಇದ್ದುದರಿಂದಲೇ ಅದಕ್ಕೂ ಒಂದು ವರ್ಷ ಮೊದಲು ಒಂದು ತುಂಡನ್ನು ಕೈಯಾರೆ ಹಾಳುಮಾಡಿದ್ದೆ. ನಡುವಿನ ಕೊಳವೆಯ ಬುಡ ಸವೆದಿತ್ತು. ನೀರಿನ ಪೈಪು ಕತ್ತರಿಸುವ ಕಟರ್ ಮನೆಯಲ್ಲಿತ್ತು. ಕೊಳವೆ ತಾನೆ ಎಂದು ಅದನ್ನೇ ಬಿಗಿದು ತಿರುಗಿಸಿದೆ. ಎರಡು ಸುತ್ತು ಸರಿಯಾಗಿಯೇ ಹೋಯಿತು. ಮೂರನೇ ಸುತ್ತಿಗೆ ಮೊಟ್ಟೆಯ ಚಿಪ್ಪಿನಂತೆ 'ಕರಕ್' ಎಂದು ಒಳಕ್ಕೆ ಕುಸಿಯಿತು. ಅದು ಯಾಕೆ ಹಾಗಾಯಿತೆಂದು ಅಳಿಯ ಹೇಳಿದ ಮೇಲೆಯೇ ಅರ್ಥವಾದದ್ದು.

ಕೊಳವೆಯ ಒಳಗುಟ್ಟು

ಹಣ್ಣಡಿಕೆ ಕೊಯ್ಯುವಾಗ ಬಿದ್ದ ಹಾಳೆಯೊಂದನ್ನು ಕೈಗೆತ್ತಿಕೊಳ್ಳಿ. ಉದ್ದಕ್ಕೆ ಸೀಳಿದರೆ ಮಗುವಿನ ಕೈಯಲ್ಲೂ ಸೀಳುತ್ತದೆ. ಅಡ್ಡಕ್ಕೆ ಹರಿಯಲು ನೋಡಿ, ಪೈಲ್ವಾನನಿಗೂ ಆಗದು. ನಾರುಗಳೆಲ್ಲ ಉದ್ದಕ್ಕೆ ಇರುವುದೇ ಕಾರಣ. ಕಾರ್ಬನ್ ಕೊಳವೆಯ ಜಾತಕವೂ ಇದೇ. ತಲೆಗೂದಲಿಗಿಂತ ಹತ್ತು ಪಾಲಾದರೂ ಸಪುರವಾದ, 5ರಿಂದ 7 ಮೈಕ್ರಾನ್ ದಪ್ಪದ ಇಂಗಾಲದ ಎಳೆಗಳನ್ನು ಅಂಟಿನಲ್ಲಿ ತೋಯಿಸಿ ಹಾಳೆ ಮಾಡಿ, ಉಕ್ಕಿನ ಸರಳಿಗೆ ಸುರುಳಿ ಸುತ್ತಿ, ಮೇಲಿಂದ ಬಿಗಿಯಾಗಿ ಪಟ್ಟಿ ಬಿಗಿದು ಒಲೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಸರಳನ್ನು ಎಳೆದು ತೆಗೆದರೆ ಉಳಿಯುವುದೇ ಈ ಕೊಳವೆ. ಎಳೆಗಳಲ್ಲಿ ಹೆಚ್ಚಿನವು ಉದ್ದಕ್ಕೆ. ಆದ್ದರಿಂದಲೇ ಅದು ಬಾಗದು. ಸುತ್ತುವರಿದು ಹಿಡಿದಿಡುವ ಎಳೆಗಳು ಕಡಿಮೆ. ಆದ್ದರಿಂದಲೇ ಹಿಚುಕಿದರೆ ಒಡೆಯುತ್ತದೆ. ಪೈಪ್ ಕಟರ್ ಮಾಡುವುದು ಹಿಚುಕುವ ಕೆಲಸವನ್ನೇ. ಲೋಹದ ಪೈಪು ಹಿಚುಕಿದರೆ ತಗ್ಗಿ ಕೊಡುತ್ತದೆ, ಇದಕ್ಕೆ ತಗ್ಗುವುದು ಗೊತ್ತಿಲ್ಲ. ದೋಟಿಯ ತುಂಡುಗಳನ್ನು ಹಿಡಿದಿಡುವ ಕ್ಲಾಂಪನ್ನು ಜಾರದಿರಲಿ ಎಂದು ಬಲ ಹಾಕಿ ಬಿಗಿಯುವವರೂ ಅರಿಯದೆ ಇದೇ ತಪ್ಪು ಮಾಡುತ್ತಾರೆ.

ಬಿದಿರೂ ಹೀಗೆಯೇ ಉದ್ದನಾರಿನ ಕೊಳವೆ. ಆದರೆ ಸೃಷ್ಟಿಕರ್ತ ಅದಕ್ಕೆ ಗೇಣಿಗೊಂದು ಗಂಟು ಇಟ್ಟಿದ್ದಾನೆ. "ಗಂಟಿನಿಂದ ಎರಡು ಬೆರಳು ಬಿಟ್ಟು ಕಡಿ, ಸೀಳು ಗಂಟು ದಾಟದು" ಎಂದು ನಮ್ಮ ತಂದೆ ಹೇಳುತ್ತಿದ್ದರು. ಮೂಡುಬಿದಿರೆಯ ಸೋನ್ಸ್ ಫಾರ್ಮಿನಲ್ಲಿ ನಾನಾ ಜಾತಿಯ ಬಿದಿರುಗಳ ಹಿಂಡಲುಗಳ ನಡುವೆ ನಡೆದು ನೋಡಿದವರಿಗೆ ಗೊತ್ತು, ಗಂಟಿಲ್ಲದ ಬಿದಿರಿಲ್ಲ. ಕಾರ್ಬನ್ ಕೊಳವೆಗೆ ಗಂಟೇ ಇಲ್ಲ. ಸೀಳು ಹೊರಟರೆ ತಡೆಯುವವರಿಲ್ಲ. ಕತ್ತರಿಸುವಾಗ ನಾವೇ ಗಂಟಿನ ಕೆಲಸ ಮಾಡಬೇಕು.

ಬಿದಿರಿಗೂ ಇದಕ್ಕೂ ರಕ್ತಸಂಬಂಧವೇ ಉಂಟು ಎಂದರೆ ನಂಬುತ್ತೀರಾ? 1880ರ ಸುಮಾರಿಗೆ ಥಾಮಸ್ ಎಡಿಸನ್ ತನ್ನ ವಿದ್ಯುತ್ ದೀಪದೊಳಗೆ ಉರಿಸಿದ ಎಳೆ ಜಪಾನಿನ ಕ್ಯೋಟೋ ಕಡೆಯ ಬಿದಿರನ್ನು ಕರಿಕಾಗಿಸಿ ಮಾಡಿದ್ದು. ಅದೂ ಒಂದು ಬಗೆಯ ಇಂಗಾಲದ ನಾರೇ. ಈಗಿನ ಗಟ್ಟಿ ನಾರಿನ ದಾರಿ ತೆರೆದದ್ದು 1961ರ ಸುಮಾರಿಗೆ, ಅದೇ ಜಪಾನಿನ ಒಸಾಕಾದಲ್ಲಿ, ಅಕಿಯೊ ಶಿಂಡೊ ಎಂಬ ವಿಜ್ಞಾನಿ. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನ ಸಂಶೋಧಕರು ಅದನ್ನು ಇನ್ನಷ್ಟು ಬಲಗೊಳಿಸಿದರು. 1972ರಲ್ಲಿ ಗೇ ಬ್ರೂವರ್ ಎಂಬ ಅಮೆರಿಕದ ಆಟಗಾರ ಕರಿಯ ಹಿಡಿಯ ಕೋಲು ಹಿಡಿದು ಜಪಾನಿನ ದೊಡ್ಡ ಗಾಲ್ಫ್ ಪಂದ್ಯ ಗೆದ್ದ. ಆಮೇಲೆ ಕೇಳಬೇಕೆ, ಉಕ್ಕಿನ ಕೋಲು ಬಿಟ್ಟು ಎಲ್ಲರೂ ಇದರ ಹಿಂದೆ ಬಿದ್ದರು. ಅದೇ ಹೊತ್ತಿಗೆ ಜಪಾನಿನ ಹೊಳೆಮೀನಿನ ಗಾಳದ ಕೋಲುಗಳೂ ಕಾರ್ಬನ್ನಿನವು ಬಂದವು. ಒಂದರೊಳಗೊಂದು ಸೇರುವ ಆ ಗಾಳದ ಕೋಲನ್ನು ದಪ್ಪ ಮಾಡಿ ತುದಿಗೆ ಕತ್ತಿ ಕಟ್ಟಿದರೆ ನಮ್ಮ ದೋಟಿಯೇ. ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನದ ರೆಕ್ಕೆಯೂ ಇದೇ ವಸ್ತುವಿನದು. ಘನ ಸೆಂಟಿಮೀಟರಿಗೆ ಉಕ್ಕು 7.8 ಗ್ರಾಂ, ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಇದು ಸುಮಾರು 1.6 ಗ್ರಾಂ. ತೋಳು ನೋಯದಿರುವ ಗುಟ್ಟು ಅಷ್ಟೇ.

ಎಲ್ಲಿ ಕತ್ತರಿಸುವುದು?

"ಮಾವ, ಮೊದಲು ಕತ್ತರಿಸಲೇಬೇಕಾ ನೋಡಿ" ಎಂದ ಅಳಿಯ. ಇದು ನನಗೆ ಹೊಳೆದೇ ಇರಲಿಲ್ಲ. ಗಿಡ್ಡ ಮರಗಳಿಗೆ ದೋಟಿ ಉದ್ದವಾಯಿತು ಎಂದು ಕತ್ತರಿಸಲು ಹೊರಡುವವರಿದ್ದಾರೆ. ಅದಕ್ಕೆ ಗರಗಸವೇ ಬೇಡ. ಬುಡದ ಒಂದೆರಡು ಕೊಳವೆಗಳನ್ನು ಕಳಚಿಟ್ಟರೆ ಸಾಕು. ಕತ್ತರಿಸುವುದು ಒಡೆದದ್ದಕ್ಕೆ, ಸವೆದದ್ದಕ್ಕೆ ಮಾತ್ರ.

ಗಾಲ್ಫ್ ಕೋಲಿನಲ್ಲಿ ಎರಡು ಕಡೆಯ ಲೆಕ್ಕ ಬೇರೆ ಬೇರೆಯಂತೆ. ಕೋಲು ಹಿಡಿಯ ಕಡೆ ದಪ್ಪ, ಚೆಂಡು ಹೊಡೆಯುವ ತಲೆಯ ಕಡೆ ಸಪುರ. ಹಿಡಿಯ ಕಡೆ ಕತ್ತರಿಸಿದರೆ ಮುಖ್ಯವಾಗಿ ಉದ್ದ ಕಡಿಮೆಯಾಗುತ್ತದೆ. ಸಪುರ ತುದಿಯಲ್ಲಿ ಕತ್ತರಿಸಿದರೆ ಬಳುಕುವ ಭಾಗವೇ ಹೋಗಿ ಕೋಲು ಬಿರುಸಾಗುತ್ತದೆ. ಮಕ್ಕಳ ಕೋಲಿಗೆ ಬಳುಕು ಬೇಕು, ಆದ್ದರಿಂದ ಹಿಡಿಯ ಕಡೆಯಿಂದಲೇ ತೆಗೆಯಬೇಕು. ಇವನು ಮೊದಲ ಕೋಲಿನಲ್ಲಿ ತುದಿ ಕತ್ತರಿಸಿದ್ದ. ಮಗಳು ಹೊಡೆದರೆ ಒನಕೆ ಹಿಡಿದು ಹೊಡೆದ ಹಾಗಿತ್ತಂತೆ.

ನಮಗೆ ಬಿರುಸಾದರೆ ಒಳ್ಳೆಯದೇ. ಒಂದು ಕಡೆ ಹಿಡಿದು ಇನ್ನೊಂದು ತುದಿಗೆ ಭಾರ ಕಟ್ಟಿದ ಕೋಲಿನ ಬಾಗು ಅದರ ಉದ್ದದ ಘನವನ್ನು ಅನುಸರಿಸುತ್ತದೆ. ಹತ್ತಡಿಯ ಕೋಲನ್ನು ಒಂಬತ್ತಡಿ ಮಾಡಿದರೆ ಉದ್ದ ಹತ್ತನೇ ಒಂದು ಪಾಲು ಕಡಿಮೆ, ಆದರೆ ಬಾಗು ಕಾಲು ಪಾಲಿಗಿಂತ ಹೆಚ್ಚು, ಶೇಕಡಾ 27ರಷ್ಟು ಕಡಿಮೆ. ಉದ್ದ ಕೂಡಿಸಿದಾಗಲೂ ಇದೇ ಲೆಕ್ಕ ತಿರುವುಮುರುವಾಗುತ್ತದೆ. ಇನ್ನೊಂದಡಿ ಎಟುಕಲಿ ಎಂದು ತುದಿಗೆ ಬಿದಿರಿನ ತುಂಡು ಕಟ್ಟುವವರು ಇದನ್ನು ನೆನಪಿಡಬೇಕು.

ಇನ್ನು ದೋಟಿಗೇ ಇರುವ ಒಂದು ತೊಡಕು. ಪ್ರತಿ ಕೊಳವೆಯ ಬುಡ ಕೆಳಗಿನ ಕೊಳವೆಯೊಳಗೆ ಇಂತಿಷ್ಟು ಉಳಿಯಲೇಬೇಕು. ಅಲ್ಲಿಗಿಂತ ಹೆಚ್ಚು ಎಳೆಯದಿರಲಿ ಎಂದು ಗುರುತು ಹಾಕಿರುತ್ತಾರೆ. ಬುಡ ಸವೆಯಿತೆಂದು ಅಲ್ಲಿ ನಾಲ್ಕಿಂಚು ಕತ್ತರಿಸಿದರೆ ಆ ಗುರುತು ನಾಲ್ಕಿಂಚು ಸುಳ್ಳಾಗುತ್ತದೆ. ಕತ್ತರಿಸಿದಷ್ಟೇ ಗುರುತನ್ನೂ ಮೇಲಕ್ಕೆ ಏರಿಸಿ ಬಣ್ಣ ಬಳಿಯಬೇಕು. ನಾನು ಬಳಿದಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ಕಣ್ಣಿಗೆ ಕಾಣುವ ಸೀಳು ಮುಗಿದಲ್ಲಿ ಸೀಳು ಮುಗಿದಿರುವುದಿಲ್ಲ ಎಂಬುದು ಮತ್ತೊಂದು ವಿಚಾರ. ಅಳಿಯ ಕಿಸೆಯಿಂದ ಒಂದು ರೂಪಾಯಿ ನಾಣ್ಯ ತೆಗೆದು ತುದಿಯಿಂದ ಕೆಳಕ್ಕೆ ಮೆಲ್ಲಮೆಲ್ಲನೆ ತಟ್ಟುತ್ತ ಬಂದ. ಒಡೆದಲ್ಲಿ 'ಡಬ್ ಡಬ್', ಗಟ್ಟಿಯಿದ್ದಲ್ಲಿ 'ಟಿಣ್ ಟಿಣ್'. ತೆಂಗಿನಕಾಯಿ, ಹಲಸಿನಕಾಯಿ ಬಡಿದು ನೋಡುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ವಿಮಾನದ ರೆಕ್ಕೆ ಪರೀಕ್ಷಿಸುವವರೂ ಹೀಗೆ ತಟ್ಟಿ ನೋಡುವುದುಂಟಂತೆ. ಕಣ್ಣಿಗೆ ಕಂಡ ಸೀಳು ಒಂಬತ್ತು ಇಂಚು. ಸದ್ದು ಸರಿಯಾದದ್ದು ಹನ್ನೆರಡರಲ್ಲಿ. ಇನ್ನೆರಡು ಇಂಚು ಧರ್ಮಕ್ಕೆಂದು ಬಿಟ್ಟು 14 ಇಂಚಿಗೆ ಗೆರೆ ಹಾಕಿದೆವು.

ಕೊಯ್ದ ಬಗೆ

ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಯಾಕೆಂದರೆ ಅವಸರದಲ್ಲೇ ನಾನು ಕೆಟ್ಟದ್ದು.

ಬೇಕಾದದ್ದು ಹ್ಯಾಕ್ಸಾ ಚೌಕಟ್ಟು, ಅದಕ್ಕೆ ಹೊಸ ಬ್ಲೇಡು. ಇಂಚಿಗೆ 32 ಹಲ್ಲಿರುವ ನಯದ ಬ್ಲೇಡನ್ನೇ ಕೇಳಿ ತನ್ನಿ. 18 ಹಲ್ಲಿನದು ನಾರನ್ನು ಕೊಯ್ಯದೆ ಕಿತ್ತೆಳೆಯುತ್ತದೆ. ಮರದ ಗರಗಸವಂತೂ ಬೇಡವೇ ಬೇಡ. ಗ್ರೈಂಡರ್ ಇದ್ದವರಿಗೆ ಕೈ ತುರಿಸುತ್ತದೆ. ಆದರೆ ಅದರ ವೇಗಕ್ಕೆ ಅಂಟು ಬೆಂದು ತುದಿ ಪೊಳ್ಳಾಗುವುದುಂಟು, ಏಳುವ ಹುಡಿಯೂ ವಿಪರೀತ. ಸಾಲದ್ದಕ್ಕೆ ಆ ಹುಡಿಯಲ್ಲಿ ಕರೆಂಟು ಹರಿಯುವುದರಿಂದ ಮೋಟಾರಿನೊಳಗೆ ಹೋದರೆ ಗ್ರೈಂಡರೇ ಸುಟ್ಟೀತು.

ಗೆರೆ ನೇರವಾಗಿ ಬರಲು ಒಂದು ಅಂಚು ನೇರವಿರುವ ಕಾಗದದ ಪಟ್ಟಿಯನ್ನು ಕೊಳವೆಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿದರೆ ಸಾಕು. ಗೆರೆಯ ಮೇಲೆಯೇ ಟೇಪನ್ನು ಬಿಗಿಯಾಗಿ ಮೂರು ಸುತ್ತು ಸುತ್ತಿ, ಟೇಪಿನ ಮೇಲೆ ಮತ್ತೆ ಗೆರೆ ಎಳೆದೆವು. ಈ ಟೇಪೇ ಬಿದಿರಿನ ಗಂಟು ಎಂದುಕೊಳ್ಳಿ. ಮೇಲಿನ ನಾರು ಎದ್ದು ಸಿಗಿಯದಂತೆ ಹಿಡಿದಿಡುವುದು ಅದೇ. ಕೊಳವೆಯೊಳಗೆ, ಗೆರೆಯ ನೇರಕ್ಕೆ, ಒಣ ಮರದ ದುಂಡು ತುಂಡೊಂದನ್ನು ಬಟ್ಟೆ ಸುತ್ತಿ ಹಗುರಾಗಿ ತೂರಿಸಿದೆವು. ಹೊಡೆದು ತೂರಿಸಿದರೆ ಅದೇ ಸೀಳುವ ಬೆಣೆಯಾದೀತು.

ವೈಸಿನಲ್ಲಿ ಹಿಡಿಸಬಾರದು, ಕಾರಣ ಆಗಲೇ ಹೇಳಿದೆ. ಎರಡು ಅಡಿಕೆ ಸಿಪ್ಪೆಯ ಗೋಣಿಗಳ ಮೇಲೆ ಮಲಗಿಸಿ, ಹಳೆಯ ಸೈಕಲ್ ಟ್ಯೂಬು ಸುತ್ತಿ ಹುಡುಗ ಹಿಡಿದುಕೊಂಡ. ಬ್ಲೇಡಿಗೆ ಸೋಪಿನ ನೀರು. ಒಂದೇ ಕಡೆಯಿಂದ ಆಚೆಗೆ ಕೊಯ್ಯಬಾರದು. ಮೊದಲು ಕೊಳವೆಯನ್ನು ತಿರುಗಿಸುತ್ತ ಸುತ್ತಲೂ ಒಂದು ಗೀರು, ಮತ್ತೆ ಸುತ್ತಲೂ ಇನ್ನೊಂದಿಷ್ಟು ಆಳ, ಹೀಗೆ. ಬ್ಲೇಡಿಗೆ ಭಾರ ಹಾಕದೆ ಅದರಷ್ಟಕ್ಕೆ ಓಡಾಡಲು ಬಿಡಬೇಕು. ಕೊನೆಯ ಎರಡು ನಿಮಿಷ ಮುಖ್ಯ. ಬೀಳಲಿರುವ ತುಂಡನ್ನು ಯಾರಾದರೂ ಕೈಯಲ್ಲಿ ಆನಿಸಿ ಹಿಡಿದಿರಬೇಕು. ಹಿಡಿಯದಿದ್ದರೆ ಅದು ತನ್ನ ಭಾರಕ್ಕೆ ಜೋತು, ಹೋಗುವಾಗ ಒಂದಿಷ್ಟು ನಾರನ್ನು ಸುಲಿದುಕೊಂಡೇ ಹೋಗುತ್ತದೆ.

ಇಷ್ಟಕ್ಕೆ ಕಾಲು ಗಂಟೆ ಹಿಡಿಯಿತು. ಅಂಚನ್ನು ನೀರಿನಲ್ಲಿ ನೆನೆಸಿದ ವಾಟರ್ ಪೇಪರಿನಿಂದ, ಮೊದಲು 220, ಆಮೇಲೆ 400ರ ನಂಬರಿನದರಲ್ಲಿ, ಹೊರಗಿನಿಂದ ಒಳಕ್ಕೆ ಉಜ್ಜಿದೆವು. ಒಳಗಿನಿಂದ ಹೊರಕ್ಕೆ ಉಜ್ಜಿದರೆ ಪದರ ಬಿಡುತ್ತದೆ. ಒಣಗಿದ ಮೇಲೆ ಅರಾಲ್ಡೈಟಿನ ತೆಳು ಲೇಪ. ಕೂಡಲೇ ಹಿಡಿಯುವ ಅಂಟಿಗಿಂತ ಒಂದು ದಿನ ಒಣಗುವ ಹಳೆಯ ಬಗೆಯದೇ ವಾಸಿ. ಈ ಲೇಪವಿಲ್ಲದಿದ್ದರೆ ಕೊಯ್ದ ಅಂಚಿನಲ್ಲಿ ನೀರು, ಮೈಲುತುತ್ತಿನ ದ್ರಾವಣ ಪದರದೊಳಕ್ಕೆ ಇಳಿಯುತ್ತದೆ.

ಕತ್ತಿ ಕಟ್ಟುವ ಮುಂಚೆ ಅಳಿಯ ಇನ್ನೊಂದು ಕೆಲಸ ಮಾಡಿದ. ಗಟ್ಟಿ ನೂಲನ್ನು ಅದೇ ಅಂಟಿನಲ್ಲಿ ಅದ್ದಿ ತುದಿಗೆ ಎರಡಿಂಚು ಅಗಲಕ್ಕೆ ಒತ್ತೊತ್ತಾಗಿ ಸುತ್ತಿದ. ಗಾಲ್ಫ್ ಕೋಲಿಗೆ ತಲೆ ಕೂಡುವಲ್ಲಿ ಒಂದು ಬಳೆ ಇರುತ್ತದಂತೆ. ನಮ್ಮ ಕತ್ತಿಯ ಮರದ ಹಿಡಿಗೆ ಹಿತ್ತಾಳೆಯ ಬಳೆ ಹಾಕುವುದಿಲ್ಲವೇ, ಹಾಗೆ. ಅಲ್ಯೂಮಿನಿಯಂ ಬಳೆ ಸಿಗುತ್ತದಲ್ಲ ಎಂದೆ. ಬೇಡ ಎಂದ. ಇಂಗಾಲವೂ ಅಲ್ಯೂಮಿನಿಯಮ್ಮೂ ಒದ್ದೆಯಲ್ಲಿ ಕೂಡಿದರೆ ಟಾರ್ಚಿನ ಸೆಲ್ಲಿನಂತೆ ಸಣ್ಣದೊಂದು ವಿದ್ಯುತ್ ಹರಿದು ಅಲ್ಯೂಮಿನಿಯಂ ಕರಗುತ್ತ ಬರುತ್ತದೆ. ಬೋರ್ಡೋ ಸಿಂಪಡಿಸಿದ ದೋಟಿಯ ಕ್ಲಾಂಪುಗಳ ಸಂದಿನಲ್ಲಿ ಬಿಳಿಯ ಹುಡಿ ಕಾಣುವುದಕ್ಕೆ ಇದೂ ಒಂದು ಕಾರಣ, ದ್ರಾವಣದ ತಾಮ್ರ ಇನ್ನೊಂದು. ಔಷಧಿ ಬಿಟ್ಟ ಸಂಜೆಯೇ ದೋಟಿಯನ್ನು ಕಳಚಿ ತೊಳೆದಿಡುವವರ ಕ್ಲಾಂಪು ಬಾಳುತ್ತದೆ.

ಹುಡಿಯ ವಿಚಾರ ಹೇಳದಿದ್ದರೆ ಪಾಪ ತಟ್ಟೀತು. ಹಿಂದಿನ ವರ್ಷ ಬರಿಗೈಯಲ್ಲಿ, ಬರಿಮೈಯಲ್ಲಿ ಕೊಯ್ದು, ಬೈರಾಸಿನಲ್ಲಿ ಮೈ ಒರೆಸಿಕೊಂಡು ಎರಡು ದಿನ ತುರಿಕೆ ಸೊಪ್ಪಿನ ಮೇಲೆ ಮಲಗಿದವನಂತೆ ಕೆರೆದುಕೊಂಡಿದ್ದೆ. ಸೂಜಿಯಂಥ ಸಣ್ಣ ನಾರುಗಳು ಚರ್ಮಕ್ಕೆ ಚುಚ್ಚುತ್ತವೆ, ಉಸಿರಿಗೆ ಹೋದರೆ ಗಂಟಲು ಕೆರಳುತ್ತದೆ. ಮೂಗಿಗೆ ಒಳ್ಳೆಯ ಮಾಸ್ಕು, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಬೇಕು. ನೀರು ಹಾಕಿ ಕೊಯ್ದರೆ ಹುಡಿ ಏಳದು. ಬಿದ್ದದ್ದನ್ನು ಗುಡಿಸದೆ ಒದ್ದೆಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಮಕ್ಕಳು ಆಡುವ ಅಂಗಳದಲ್ಲಂತೂ ಈ ಕೆಲಸ ಬೇಡ. ಉಳಿದ ತುಂಡನ್ನು ಬಚ್ಚಲ ಒಲೆಗೆ ಹಾಕುವ ಅಭ್ಯಾಸ ನಮಗುಂಟು. ಅದೂ ಕೂಡದು. ಅಂಟು ಸುಟ್ಟ ಹೊಗೆ ವಿಷ, ನಾರು ಸುಡದೆ ಗಾಳಿಗೆ ಹಾರುತ್ತದೆ.

ಬೀಪ್ ಎಂದ ಮೀಟರು

ಇಷ್ಟೆಲ್ಲ ನೋಡುತ್ತ ಪಕ್ಕದಲ್ಲಿ ಕುಳಿತಿದ್ದವರು ಬೆಳ್ತಂಗಡಿ ಕಡೆಯ ನಮ್ಮ ನೆಂಟರೊಬ್ಬರು. ಘಾಟಿಯ ಬುಡದಲ್ಲಿ ಅವರ ತೋಟ, ತೋಟದ ನಡುವೆಯೇ ಕರೆಂಟಿನ ಲೈನು. ಅವರೆಂದರು: "ಹೇಗೂ ಇದರಲ್ಲಿ ಒಂದು ಧೈರ್ಯ. ಅಲ್ಯೂಮಿನಿಯಂ ದೋಟಿಯ ಹಾಗೆ ಶಾಕ್ ಹೊಡೆಯುವ ಹೆದರಿಕೆ ಇಲ್ಲ."

ಅಳಿಯ ತಲೆಯೆತ್ತಿ ನೋಡಿದ. "ಹಾಗೆಂದು ಯಾರು ಹೇಳಿದರು ಮಾವ?"

"ಯಾರು ಹೇಳುವುದು ಮಾರಾಯ? ಇದು ಕಬ್ಬಿಣವಾ, ತಾಮ್ರವಾ? ಪ್ಲಾಸ್ಟಿಕ್ಕಿನ ಹಾಗೆ ಉಂಟಲ್ಲ."

ಅವನು ಒಳಗೆ ಹೋಗಿ ಪಂಪಿನ ವಯರಿಂಗ್ ನೋಡಲು ಇಟ್ಟಿದ್ದ ಮೀಟರು ತಂದ. ಬ್ಯಾಟರಿಯಲ್ಲಿ ನಡೆಯುವ ಸಣ್ಣದು. ತಂತಿ ತುಂಡಾಗಿದೆಯೇ ಇಲ್ಲವೇ ಎಂದು ನೋಡುವಾಗ ಅದು 'ಬೀಪ್' ಎನ್ನುತ್ತದಲ್ಲ, ಆ ಗುರುತಿಗೆ ತಿರುಗಿಸಿ ಎರಡು ಕಡ್ಡಿಗಳನ್ನೂ ದೋಟಿಯ ಮೈಗೆ ತಾಗಿಸಿದ. ಸದ್ದಿಲ್ಲ. ನೆಂಟರು ನನ್ನನ್ನು ನೋಡಿ ನಕ್ಕರು. ಆಮೇಲೆ ಕತ್ತರಿಸಿ ತೆಗೆದ 14 ಇಂಚಿನ ತುಂಡಿನ ಎರಡೂ ಕೊನೆಗಳನ್ನು ಚೆನ್ನಾಗಿ ಉಜ್ಜಿ, ಈ ಕೊನೆಗೊಂದು ಕಡ್ಡಿ, ಆ ಕೊನೆಗೊಂದು ಕಡ್ಡಿ ಒತ್ತಿ ಹಿಡಿದ.

'ಬೀಪ್' ಎಂದಿತು ಮೀಟರು.

ನಗು ನಿಂತಿತು. ಹೊರಮೈಯ ಅಂಟು, ಬಣ್ಣದ ತೆಳುಪದರ ಮೀಟರಿನ ಒಂಬತ್ತು ವೋಲ್ಟಿನ ಬ್ಯಾಟರಿಯನ್ನು ತಡೆದೀತು, ತೋಟದ ಮೇಲೆ ಹಾಯುವ 230 ವೋಲ್ಟನ್ನಾಗಲಿ 11 ಸಾವಿರ ವೋಲ್ಟನ್ನಾಗಲಿ ತಡೆಯುತ್ತದೆಂದು ನಂಬುವ ಹಾಗಿಲ್ಲ. ಅದರಲ್ಲೂ ಮರಕ್ಕೆ ಉಜ್ಜಿ ಗೀರುಬಿದ್ದ, ಬೆಳಗಿನ ಇಬ್ಬನಿಗೋ ಬೋರ್ಡೋಗೋ ಒದ್ದೆಯಾದ ದೋಟಿ. ಗ್ರಾಫೈಟ್ ಎಂದರೇನು? ನಮ್ಮ ಮಿಕ್ಸಿಯ, ಡ್ರಿಲ್ಲಿನ ಮೋಟಾರಿಗೆ ಹಾಕುವ 'ಕಾರ್ಬನ್' ಇದೆಯಲ್ಲ, ಕರೆಂಟನ್ನು ದಾಟಿಸುವುದಕ್ಕೆಂದೇ ಇಡುವ ಆ ಕರಿಯ ತುಂಡು, ಅದೂ ಈ ವಂಶದ್ದೇ. ಲೋಹದ ದೋಟಿ ತಂತಿಗೆ ತಾಗಿ ಕೊಯ್ಲಿನವರು ತೀರಿಕೊಂಡ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿಲ್ಲ? ಕಾರ್ಬನ್ ದೋಟಿ ಅದಕ್ಕಿಂತ ಹಗುರ, ಅದಕ್ಕಿಂತ ಉದ್ದ. ಎಂದರೆ ತಂತಿಯನ್ನು ಇನ್ನೂ ಸುಲಭವಾಗಿ ಮುಟ್ಟುವಂಥದ್ದು. ಕಾರ್ಬನ್ನಿನ ಗಾಳದ ಕೋಲು ಮಾರುವವರು ಲೈನಿನ ಕೆಳಗೆ ಎತ್ತಬೇಡಿ ಎಂದು ಕೋಲಿನ ಮೇಲೆಯೇ ಎಚ್ಚರಿಕೆ ಬರೆದಿರುತ್ತಾರೆ.

ಲೈನಿನಿಂದ ಎಷ್ಟು ದೂರ ಎಂದು ಕೇಳಿದರೆ ಲೆಕ್ಕ ಸುಲಭ. ದೋಟಿ ಕೈಜಾರಿ ಯಾವ ದಿಕ್ಕಿಗೂ ಬೀಳಬಹುದು. 60 ಅಡಿಯ ದೋಟಿ ನಿಂತಲ್ಲಿಂದ ಸುತ್ತಲೂ 60 ಅಡಿಯ ಒಳಗೆ ತಂತಿ ಇದ್ದರೆ ಆ ದೋಟಿಗೆ ತಂತಿ ಸಿಕ್ಕೀತು. ಅಷ್ಟರೊಳಗಿನ ಮರಗಳನ್ನು ಲೈನ್ ಆಫ್ ಮಾಡಿಸಿಯೇ ಕೊಯ್ಯಬೇಕು. ತುಲಾ ಮಾಸದ ಸಂಜೆ ಮಳೆಯ ದಿನಗಳಲ್ಲಿ ಗುಡುಗು ಕೇಳಿದ ಕೂಡಲೇ ದೋಟಿ ಇಳಿಸಬೇಕು. ಗಾಲ್ಫಿನವರೂ ಆಗ ಕೋಲು ಬಿಟ್ಟು ಒಳಗೆ ಓಡುತ್ತಾರಂತೆ.

ನೆಂಟರು ಮತ್ತೆ ಮಾತಾಡಲಿಲ್ಲ. ಕಾಫಿ ಕುಡಿದು ಹೊರಡುವಾಗ ಆ 14 ಇಂಚಿನ ತುಂಡನ್ನು ಕೇಳಿ ಪಡೆದು, ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಅವರಲ್ಲಿ ದೋಟಿ ಹಿಡಿಯುವವರು ಇಬ್ಬರು, ಅಣ್ಣ ತಮ್ಮಂದಿರು. ಅವರಿಗೂ ಮೀಟರು ಹಿಡಿದು ತೋರಿಸಿದರಂತೆ. ಆಮೇಲೆ ಆ ತುಂಡು ಮೂಡುಬಿದಿರೆಯಲ್ಲಿರುವ ಅವರ ಮಗಳ ಮನೆಗೂ ಹೋಗಿ ಬಂತು, ಅಲ್ಲೂ ಹೊಸ ದೋಟಿ ಕೊಂಡಿದ್ದರು.

ಕತ್ತರಿಸಿದ ನಮ್ಮ ದೋಟಿ ಅದರ ಮೇಲೆ ಎರಡು ಕೊಯ್ಲು ಕಂಡಿದೆ. ನೂಲು ಸುತ್ತಿದಲ್ಲಿ ಈವರೆಗೆ ಬಿರುಕಿಲ್ಲ. ಎಲ್ಲಕ್ಕಿಂತ ಎತ್ತರದ ನಾಲ್ಕು ಮರಗಳಿಗೆ ಆ 14 ಇಂಚು ಸಾಲುವುದಿಲ್ಲ, ಹುಡುಗ ಒಂದು ಕಲ್ಲಿನ ಮೇಲೆ ನಿಂತು ಎಟುಕಿಸುತ್ತಾನೆ. ಬೆಳ್ತಂಗಡಿಯ ನೆಂಟರು ಲೈನಿನ ಆಚೀಚೆಯ ಮರಗಳಿಗೆಲ್ಲ ಕೆಂಪು ಬಣ್ಣದ ಪಟ್ಟಿ ಬಳಿಸಿದ್ದಾರೆ. ಕಳೆದ ವರ್ಷ ಆ ಮರಗಳ ಗೊನೆ ಇಳಿದದ್ದು ಒಂದು ಶನಿವಾರ, ಲೈನ್‌ಮ್ಯಾನ್ ಬಂದು ಫ್ಯೂಸ್ ತೆಗೆದು, ಕೊಯ್ಲು ಮುಗಿಯುವವರೆಗೆ ಅವರ ಚಾವಡಿಯಲ್ಲೇ ಕುಳಿತಿದ್ದ ದಿನ.